ಕೇಳದೆ ಮುಗಿದ ಕೈ

ನನಗೆ ರೋಲಿಂಗ್ ಸ್ಟೋನ್ಸ್ ಮೊದಲು, ಚಕ್ ಬೆರ್ರಿ ಆಮೇಲೆ. ಬೀಟಲ್ಸ್ ಮೊದಲು, ಲಿಟಲ್ ರಿಚರ್ಡ್ ಆಮೇಲೆ. ಎಲ್ವಿಸ್ ಪ್ರೀಸ್ಲಿ ಎಲ್ಲರಿಗೂ ಗೊತ್ತಿದ್ದವನೇ. ಬಿಗ್ ಮಾಮಾ ಥಾರ್ನ್‌ಟನ್ ಎಂಬ ಹೆಸರು ಕಿವಿಗೆ ಬೀಳುವ ಹೊತ್ತಿಗೆ ನನ್ನ ತಲೆಯಲ್ಲಿ ನಾಲ್ಕು ಬಿಳಿ ಕೂದಲು ಕಾಣಿಸಿಕೊಂಡಿದ್ದವು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ ಅಂತಲೇ ಅಂದುಕೊಂಡಿದ್ದೆ. ಎಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನ ಹಾಸ್ಟೆಲಿನಲ್ಲಿ ಕೂತು, ಯಾರದೋ ಕ್ಯಾಸೆಟ್ಟಿನಿಂದ ಇನ್ಯಾರೋ ಇಳಿಸಿಕೊಂಡದ್ದನ್ನು ಮತ್ತೆ ಇಳಿಸಿಕೊಂಡು ಕೇಳುತ್ತಿದ್ದವರಿಗೆ ವಂಶಾವಳಿಯ ಪ್ರಕಾರ ಕೇಳುವ ಸೌಕರ್ಯ ಎಲ್ಲಿತ್ತು? ಸಿಕ್ಕಿದ್ದನ್ನು ಸಿಕ್ಕ ಹಾಗೆ ಕೇಳಿದೆವು. ಅಲ್ಲಿಯವರೆಗೆ ಎಲ್ಲ ಸರಿಯೇ. ಸರಿಯಿಲ್ಲದ್ದು ಶುರುವಾದದ್ದು ನನಗೆ ವಂಶಾವಳಿ ಗೊತ್ತಾದ ಮೇಲೆ.

ಗೊತ್ತಾದದ್ದು ಪುಸ್ತಕ, ಪತ್ರಿಕೆಗಳಿಂದ. ಕಿವಿಯಿಂದಲ್ಲ. 1961ರಲ್ಲಿ ಇಂಗ್ಲೆಂಡಿನ ಡಾರ್ಟ್‌ಫರ್ಡ್ ರೈಲ್ವೆ ಸ್ಟೇಷನ್ನಿನಲ್ಲಿ ಮುಂದೆ ಸ್ಟೋನ್ಸ್ ಆದ ಕೀತ್ ರಿಚರ್ಡ್ಸ್ ಮತ್ತು ಮಿಕ್ ಜ್ಯಾಗರ್ ಮಾತಿಗೆ ಬಿದ್ದದ್ದು ಜ್ಯಾಗರ್ ಕೈಯಲ್ಲಿದ್ದ ಚಕ್ ಬೆರ್ರಿ, ಮಡ್ಡಿ ವಾಟರ್ಸ್ ರೆಕಾರ್ಡುಗಳ ದೆಸೆಯಿಂದ. 1963ರ ಜೂನಿನಲ್ಲಿ ಹೊರಬಂದ ಸ್ಟೋನ್ಸ್‌ನ ಮೊಟ್ಟಮೊದಲ ರೆಕಾರ್ಡು ಬೆರ್ರಿಯ ಹಾಡು. ಅದೇ ವರ್ಷ ಬೀಚ್ ಬಾಯ್ಸ್ ಹೆಸರು ಮಾಡಿದ ಸಮುದ್ರದ ಹಾಡಿನ ಧಾಟಿಯೂ ಬೆರ್ರಿಯದೇ. ಲಿವರ್‌ಪೂಲಿನ ಹುಡುಗರು, ಇನ್ನೂ ಬೀಟಲ್ಸ್ ಆಗಿರದವರು, 1958ರಲ್ಲಿ ದುಡ್ಡು ಕೂಡಿಸಿ ಮಾಡಿಸಿಕೊಂಡ ಮೊದಲ ರೆಕಾರ್ಡಿನ ಒಂದು ಮಗ್ಗುಲಲ್ಲಿ ಇದ್ದದ್ದು ಬಡ್ಡಿ ಹಾಲಿಯ ಹಾಡು. ಪಾಲ್ ಮೆಕಾರ್ಟ್ನಿ ಗಂಟಲು ಕಿರಿದು ಮಾಡಿ ಏರುವ ಆ ಕೂಗು ಲಿಟಲ್ ರಿಚರ್ಡ್‌ನದು. ಬಾಬ್ ಡಿಲನ್ ತನ್ನ ನೊಬೆಲ್ ಉಪನ್ಯಾಸವನ್ನು ಆರಂಭಿಸಿದ್ದು ಬಡ್ಡಿ ಹಾಲಿಯಿಂದ. ಡುಲೂತ್ ಊರಿನಲ್ಲಿ ಡಿಲನ್ ಅವನನ್ನು ನೋಡಿದ ಕೆಲವೇ ದಿನಕ್ಕೆ, 1959ರ ಫೆಬ್ರುವರಿ 3ರಂದು, ಹಾಲಿ ವಿಮಾನ ಅಪಘಾತದಲ್ಲಿ ಸತ್ತ.

ಇವೆಲ್ಲ ನಿಜ. ಒಳ್ಳೆಯ ಕಥೆಗಳು ಕೂಡ. ನನಗೆ ಕಸಿವಿಸಿಯಾಗುವುದು ಇವನ್ನು ನಾನು ಬಳಸಿಕೊಂಡ ರೀತಿಯ ಬಗ್ಗೆ. ಯಾರಾದರೂ ಗೆಳೆಯರ ನಡುವೆ ಸ್ಟೋನ್ಸ್ ಹೊಗಳಿದರೆ ಸಾಕು, ‘ಅದೆಲ್ಲ ಚಕ್ ಬೆರ್ರಿದು ಕಣಯ್ಯಾ’ ಅಂತ ಬಾಯಿ ಹಾಕುತ್ತಿದ್ದೆ. ಹೇಳುವಾಗ ಬೆರ್ರಿಗೆ ನ್ಯಾಯ ಒದಗಿಸುತ್ತಿದ್ದೇನೆ ಅನ್ನಿಸುತ್ತಿತ್ತು. ಪೂರ್ತಿ ಸುಳ್ಳಲ್ಲ, ಸ್ವಲ್ಪ ಅದೂ ಇತ್ತು. ಹೆಚ್ಚಾಗಿ ಇದ್ದದ್ದು ಎದುರಿನವನ ಸಂತೋಷವನ್ನು ಒಂದು ಮೆಟ್ಟಿಲು ಕೆಳಗಿಳಿಸುವ ಸುಖ. 2003ರ ಏಪ್ರಿಲಿನಲ್ಲಿ ಸ್ಟೋನ್ಸ್ ಬೆಂಗಳೂರಿಗೇ ಬಂದಾಗ, ಅರಮನೆ ಮೈದಾನದ ಆ ಜನಜಂಗುಳಿಯಲ್ಲೂ ನಾನು ಪಕ್ಕದಲ್ಲಿದ್ದ ಗೆಳೆಯನಿಗೆ ಸೇಂಟ್ ಲೂಯಿಸ್ ನಗರದ ಬೆರ್ರಿಯ ಕಥೆ ಹೇಳುತ್ತಿದ್ದೆ. ಅವನು ನನ್ನ ಕಡೆ ತಿರುಗದೆಯೇ, ‘ಸುಮ್ನಿರಪ್ಪ ಸ್ವಲ್ಪ, ಹಾಡು ಕೇಳೋಣ’ ಅಂದ. ನನಗೆ ಸಿಟ್ಟು ಬಂತು. ಇವನಿಗೆ ಮೂಲ ಬೇಕಾಗಿಲ್ಲ ಅಂದುಕೊಂಡೆ. ಮೂಲ ನನಗೆ ಬೇಕಾಗಿತ್ತೇ ಎಂಬ ಪ್ರಶ್ನೆ ಆಗ ಹುಟ್ಟಲಿಲ್ಲ.

ಯಾಕೆಂದರೆ ಮನೆಯಲ್ಲಿ ನಾನು ಹಾಕಿಕೊಂಡು ಕೇಳುತ್ತಿದ್ದದ್ದು ಸ್ಟೋನ್ಸ್. ಬೆರ್ರಿಯ ಹಾಡುಗಳ ಒಂದು ಸಂಗ್ರಹ ಇತ್ತು, ಕೊಂಡ ಹೊಸತರಲ್ಲಿ ಕೇಳಿ ಇಟ್ಟದ್ದು. ಮಹಾಲಯ ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆ ಇಟ್ಟು, ಬಾಗಿಲು ಮುಂದೆ ಮಾಡಿಕೊಂಡು ಸ್ವಲ್ಪ ಹೊತ್ತು ಹೊರಗೆ ನಿಂತು, ಆಮೇಲೆ ನಮಗೆ ಬೇಕಾದದ್ದನ್ನು ನಾವು ಬಡಿಸಿಕೊಂಡು ಉಣ್ಣುತ್ತೇವಲ್ಲ, ಆ ಹಿರಿಯರ ಜಾಗದಲ್ಲಿ ಬೆರ್ರಿಯನ್ನು ಕೂರಿಸಿದ್ದೆ. ಗೌರವಕ್ಕೆ ಕೊರತೆಯಿರಲಿಲ್ಲ.

2017ರ ಮಾರ್ಚಿನಲ್ಲಿ ಬೆರ್ರಿ ತೀರಿಕೊಂಡಾಗ, ತೊಂಬತ್ತು ವಯಸ್ಸಾಗಿತ್ತು ಅವನಿಗೆ, ಒಂದು ಪತ್ರಿಕೆಗೆ ಶ್ರದ್ಧಾಂಜಲಿ ಬರೆದೆ. ಒಂದೇ ಪಟ್ಟಿಗೆ ಕೂತು ಬರೆದು ಮುಗಿಸಿದ್ದೆ, ಅದರ ಬಗ್ಗೆ ಹೆಮ್ಮೆಯೂ ಇತ್ತು. 2020ರ ಮೇ ತಿಂಗಳಲ್ಲಿ ಲಿಟಲ್ ರಿಚರ್ಡ್ ಸತ್ತ. ಅವನ ಬಗ್ಗೆ ಬರೆಯಲು ಕೂತಾಗ ಹಳೆಯದನ್ನು ಒಮ್ಮೆ ನೋಡಿಕೊಳ್ಳೋಣ ಅಂತ ತೆಗೆದೆ, ಒಂದೇ ಮಾತು ಎರಡು ಕಡೆ ಬರಬಾರದಲ್ಲ. ಓದುತ್ತಾ ಹೋದಂತೆ ಕೆಳಹೊಟ್ಟೆಯಲ್ಲಿ ಏನೋ ತಣ್ಣಗಾಯಿತು. ಹೆಸರುಗಳನ್ನು ಬದಲಿಸಿದರೆ ಅದೇ ಲೇಖನ ಲಿಟಲ್ ರಿಚರ್ಡ್‌ಗೂ ಸಲ್ಲುತ್ತಿತ್ತು. ಇವನಿಲ್ಲದಿದ್ದರೆ ಅವರಿಲ್ಲ, ಇವನಿಲ್ಲದಿದ್ದರೆ ಇವರೂ ಇಲ್ಲ. ಅವರ ಹೆಸರು, ಇವರ ಹೆಸರು, 1977ರಲ್ಲಿ ಬೆರ್ರಿಯ ಹಾಡನ್ನು ಹೊತ್ತು ಹೊರಟ ವಾಯೇಜರ್ ನೌಕೆಯ ಚಿನ್ನದ ಲೇಪದ ತಟ್ಟೆ, ಮುಕ್ತಾಯ. ಬೆರ್ರಿಯ ಒಂದೇ ಒಂದು ಹಾಡು ಕೇಳಲು ಹೇಗಿದೆ ಎಂಬ ಬಗ್ಗೆ ಇಡೀ ಬರಹದಲ್ಲಿ ಒಂದು ವಾಕ್ಯ ಇರಲಿಲ್ಲ. ಅವನು ದೊಡ್ಡವನಾದದ್ದಕ್ಕೆ ನಾನು ಕೊಟ್ಟ ಸಾಕ್ಷಿಗಳೆಲ್ಲ ಬೇರೆಯವರು.

ಆಮೇಲೆ ಕೇಳಲು ಕೂತೆ. ಇದನ್ನು ಪಶ್ಚಾತ್ತಾಪ ಅಂತ ಕರೆಯಲು ಸಂಕೋಚ. ಲಾಕ್‌ಡೌನ್ ಕಾಲ, ಮಾಡಲು ಬೇರೆ ಕೆಲಸವೂ ಇರಲಿಲ್ಲ.

1959ರಲ್ಲಿ ಹೊರಬಂದ ಬೆರ್ರಿಯ ‘ಮೆಂಫಿಸ್, ಟೆನ್ನೆಸ್ಸೀ’ ಎಂಬುದೊಂದಿದೆ. ದೂರದ ಊರಿಗೆ ಟ್ರಂಕ್ ಕಾಲ್ ಹಚ್ಚಿಕೊಡಲು ಒಬ್ಬ ಟೆಲಿಫೋನ್ ಆಪರೇಟರಳನ್ನು ಗೋಗರೆಯುತ್ತಾನೆ. ಫೋನ್ ಮಾಡಿದ್ದವಳು ಮರೀ, ನಂಬರ್ ಬಿಟ್ಟಿಲ್ಲ. ಹಾಡಿನುದ್ದಕ್ಕೂ ಬಿಟ್ಟುಹೋದ ಪ್ರೇಯಸಿಗಾಗಿ ಹಂಬಲಿಸುವವನ ಹಾಗೆ ಮಾತಾಡುತ್ತಾನೆ. ಕೊಟ್ಟಕೊನೆಗೆ ಗೊತ್ತಾಗುತ್ತದೆ, ಮರೀ ಅವನ ಆರು ವರ್ಷದ ಮಗಳು. ಅಬ್ಬರವಿಲ್ಲದ ಹಾಡು, ಗಿಟಾರ್ ಕೂಡ ಗೊಣಗುತ್ತದೆ ಅಷ್ಟೆ. ಕೇಳಿ ಮುಗಿದಾಗ ನನಗೆ ಹೊಳೆದ ಸಂಗತಿ ಇದು: 1962ರ ಜನವರಿ 1ರಂದು ಬೀಟಲ್ಸ್ ಡೆಕ್ಕಾ ಕಂಪನಿಯ ಮುಂದೆ ಪರೀಕ್ಷೆಗೆ ನಿಂತು ಹಾಡಿ ತಿರಸ್ಕೃತರಾದರಲ್ಲ, ಆವತ್ತು ಹಾಡಿದವುಗಳಲ್ಲಿ ಇದೂ ಒಂದು ಎಂಬುದು ನನಗೆ ಯಾವ ಕಾಲದಿಂದಲೋ ಗೊತ್ತಿತ್ತು. ಮರೀಗೆ ಆರು ವರ್ಷ ಎಂಬುದು ಗೊತ್ತಿರಲಿಲ್ಲ. ಹಾಡನ್ನು ಕೊನೆಯವರೆಗೆ ಕೇಳಿದ್ದೆನೋ ಇಲ್ಲವೋ. ಕೇಳಿದ್ದರೆ ಕಿವಿ ಎಲ್ಲಿತ್ತೋ.

ಇನ್ನೊಂದು, ಎಲ್ಲರಿಗೂ ಗೊತ್ತಿರುವ ‘ಜಾನಿ ಬಿ ಗುಡ್’, 1958ರದು. ಇದರ ತಾಳ ಸ್ವಲ್ಪ ಸಡಿಲ ಅಂತ ನನಗೆ ಯಾವಾಗಲೂ ಅನ್ನಿಸುತ್ತಿತ್ತು, ಹಳೆಯ ಕಾಲದ ರೆಕಾರ್ಡಿಂಗ್, ಪಾಪ, ಅಂತ ರಿಯಾಯಿತಿ ಕೊಟ್ಟುಬಿಟ್ಟಿದ್ದೆ. ಹೆಡ್‌ಫೋನ್ ಹಾಕಿಕೊಂಡು ಕೇಳಿದಾಗ ಕಂಡದ್ದೇ ಬೇರೆ. ಗಿಟಾರ್ ಪ್ರತಿ ಏಟನ್ನೂ ಸಮನಾಗಿ ಎರಡು ಮಾಡುತ್ತಾ ನೇರ ಹೋಗುತ್ತದೆ, ನಮ್ಮ ಚತುರಶ್ರದ ಹಾಗೆ. ಡ್ರಮ್ಸ್ ಫ್ರೆಡ್ ಬಿಲೋನದು, ಜಾಝ್ ಬಲ್ಲ ಕೈ. ಅದೇ ಏಟು ಅಲ್ಲಿ ತಿಶ್ರದ ಕಡೆಗೆ ವಾಲಿ ತೂಗುತ್ತದೆ. ಇಬ್ಬರೂ ಬಿಟ್ಟುಕೊಡುವುದಿಲ್ಲ. ಆ ತಿಕ್ಕಾಟದಲ್ಲೇ ಹಾಡಿನ ಜೀವ ಇರುವುದು. ಮುಂದೆ ರಾಕ್ ಅನ್ನಿಸಿಕೊಂಡ ಸಂಗೀತದಲ್ಲಿ ಡ್ರಮ್ಸ್ ಹೆಚ್ಚುಕಡಿಮೆ ಗಿಟಾರಿನ ದಾರಿಗೇ ಬಂದುಬಿಟ್ಟಿತು. (ಸ್ಟೋನ್ಸ್‌ನ ಚಾರ್ಲಿ ವಾಟ್ಸ್ ಅದಕ್ಕೆ ಅಪವಾದ ಅನ್ನುವವರಿದ್ದಾರೆ. ನಾನೂ ಅನ್ನುತ್ತೇನೆ, ಹಳೆಯ ಪ್ರೀತಿ.) ಅದನ್ನೇ ಕೇಳಿ ಬೆಳೆದ ನನ್ನ ಕಿವಿಗೆ ಮೊದಲಿನದು ತಪ್ಪಾಗಿ ಕೇಳಿಸುತ್ತಿತ್ತು. ಪ್ರಭಾವದ ಬಗ್ಗೆ ಅಷ್ಟು ಮಾತಾಡಿದವನು ಈ ಒಂದು ಪ್ರಭಾವವನ್ನು ಗಮನಿಸಿರಲಿಲ್ಲ: ಆಮೇಲೆ ಬಂದವರು ಮೊದಲಿದ್ದವರನ್ನು ನಾವು ಕೇಳುವ ರೀತಿಯನ್ನೇ ಬದಲಿಸಿಬಿಡುತ್ತಾರೆ.

ಇಷ್ಟಾದರೂ, ನಿಜ ಹೇಳಬೇಕೆಂದರೆ, ಆ ಹಾಡನ್ನು ಕೇಳಿ ಮುಗಿಸಿ ಮುಂದಿನದಕ್ಕೆ ಬೆರಳು ಹೋದದ್ದು ಸ್ಟೋನ್ಸ್ ಕಡೆಗೇ.

1986ರ ಅಕ್ಟೋಬರಿನಲ್ಲಿ ಸೇಂಟ್ ಲೂಯಿಸ್‌ನ ಫಾಕ್ಸ್ ಥಿಯೇಟರಿನಲ್ಲಿ ಬೆರ್ರಿಯ ಅರವತ್ತರ ಕಛೇರಿ ನಡೆಯಿತು. ಏರ್ಪಾಡು ಕೀತ್ ರಿಚರ್ಡ್ಸ್‌ನದು. ಅದನ್ನು ಟೇಲರ್ ಹ್ಯಾಕ್‌ಫರ್ಡ್ ಸಿನಿಮಾ ಮಾಡಿದ. ತಾಲೀಮಿನ ಒಂದು ದೃಶ್ಯದಲ್ಲಿ ಬೆರ್ರಿ, ತನ್ನ ‘ಕ್ಯಾರಲ್’ ಹಾಡಿನ ಶುರುವಿನ ತಂತಿ ಜಾರಿಸುವ ಒಂದು ಚೂರನ್ನು ಕೀತ್ ಕೈಯಲ್ಲಿ ಮತ್ತೆ ಮತ್ತೆ ನುಡಿಸುತ್ತಾನೆ. ಹಾಗಲ್ಲ, ಹೀಗೆ. ಇನ್ನೊಮ್ಮೆ. ಕ್ಯಾಮೆರಾ ಓಡುತ್ತಿದೆ. ಜಗತ್ತಿನ ಅತಿ ದೊಡ್ಡ ತಂಡದ ಗಿಟಾರ್ ವಾದಕ ಹಲ್ಲು ಕಚ್ಚಿ ಸಹಿಸಿಕೊಳ್ಳುತ್ತಾನೆ. ಮೊದಲು ನೋಡಿದಾಗ ನಾನು ಪೂರ್ತಿ ಕೀತ್ ಪಕ್ಷ. ಎಷ್ಟು ತಾಳ್ಮೆ, ಎಷ್ಟು ವಿನಯ, ಈ ಮುದುಕ ಎಂಥ ಸಿಡುಕ! ಈಗ ಯೋಚಿಸಿದರೆ, ಅದು ಬೆರ್ರಿಯ ಹಾಡು. ಅದು ಹೇಗಿರಬೇಕು ಅಂತ ಹೇಳುವ ಹಕ್ಕು ಅವನಿಗಿಲ್ಲದೆ ಇನ್ಯಾರಿಗಿದೆ? ಆದರೆ ನಾನು ಬಯಸಿದ್ದು ಕೃತಜ್ಞತೆಯನ್ನು ಮುಗುಳ್ನಕ್ಕು ಸ್ವೀಕರಿಸುವ ಬೆರ್ರಿಯನ್ನು. ಶಿಷ್ಯ ಕಾಲಿಗೆ ಬಿದ್ದಾಗ ಗುರು ಎತ್ತಿ ಅಪ್ಪಿಕೊಳ್ಳಬೇಕು, ಸ್ವರ ತಿದ್ದಬಾರದು.

ಲಿಟಲ್ ರಿಚರ್ಡ್ ವಿಷಯದಲ್ಲೂ ಹೀಗೇ. ಅವನು ಬದುಕಿನುದ್ದಕ್ಕೂ ಬಾಯಿಬಿಟ್ಟು ಕೇಳಿದ: ಇದನ್ನೆಲ್ಲ ಶುರುಮಾಡಿದವನು ನಾನು, ನನಗೆ ಏನು ಕೊಟ್ಟಿರಿ? 1988ರ ಗ್ರ್ಯಾಮಿ ಸಮಾರಂಭದಲ್ಲಿ ಹೊಸ ಕಲಾವಿದರ ಬಹುಮಾನ ಘೋಷಿಸಲು ಕರೆದರೆ, ವೇದಿಕೆಯ ಮೇಲೆ ನಿಂತು ಅದನ್ನೇ ಕೇಳಿದ. ಜನ ನಕ್ಕರು, ಎದ್ದು ನಿಂತು ಚಪ್ಪಾಳೆ ಹೊಡೆದರು. ಅದರ ವಿಡಿಯೋ ನೋಡುವಾಗ ನನಗೆ ಪ್ರತಿ ಸಲವೂ ಮುಜುಗರವಾಗುತ್ತಿತ್ತು, ತನ್ನನ್ನು ತಾನೇ ಹೊಗಳಿಕೊಳ್ಳುತ್ತಾನಲ್ಲ ಅಂತ. ಅವನು ಹೇಳಿದ್ದನ್ನೇ ನಾನು ಹೇಳಿದಾಗ ಅದು ಸಂಗೀತದ ಇತಿಹಾಸ, ಅವನೇ ಹೇಳಿಕೊಂಡರೆ ಜಂಬ. ಸಾಲ ಕೊಟ್ಟವನ ಪರವಾಗಿ ಲೆಕ್ಕ ಓದುವ ಕೆಲಸ ನನಗೆ ಇಷ್ಟ. ಸಾಲ ಕೊಟ್ಟವನೇ ಬಂದು ಬಾಗಿಲು ತಟ್ಟಿದರೆ ಕಷ್ಟ.

ಲೆಕ್ಕದ ಮಾತು ಬಂತಲ್ಲ, ಅಲ್ಲೂ ನಾನು ಪ್ರಾಮಾಣಿಕನಾಗಿರಲಿಲ್ಲ. ‘ಹೌಂಡ್ ಡಾಗ್’ ಹಾಡನ್ನು ಎಲ್ವಿಸ್ ಕಪ್ಪು ಹೆಂಗಸೊಬ್ಬಳಿಂದ ಕದ್ದ ಅಂತ ಎಷ್ಟೋ ಜನರಿಗೆ ಹೇಳಿದ್ದೇನೆ. ಬಿಗ್ ಮಾಮಾ ಥಾರ್ನ್‌ಟನ್ 1952ರಲ್ಲಿ ಅದನ್ನು ಹಾಡಿದ್ದು, 1953ರಲ್ಲಿ ಅದು ಕಪ್ಪು ಕೇಳುಗರ ಪಟ್ಟಿಯಲ್ಲಿ ವಾರಗಟ್ಟಲೆ ಮೊದಲ ಸ್ಥಾನದಲ್ಲಿ ನಿಂತದ್ದು, ಅವಳಿಗೆ ಸಿಕ್ಕಿದ್ದು ಪುಡಿಗಾಸು, 1956ರಲ್ಲಿ ಎಲ್ವಿಸ್ ಅದೇ ಹಾಡಿನಿಂದ ಹಣದ ಹೊಳೆ ಹರಿಸಿದ್ದು, ಎಲ್ಲವೂ ನಿಜ. ಆದರೆ ಹಾಡು ಬರೆದವರು ಜೆರ್ರಿ ಲೀಬರ್, ಮೈಕ್ ಸ್ಟಾಲರ್ ಎಂಬ ಇಬ್ಬರು ಬಿಳಿಯ ಹುಡುಗರು, ಆಗಿನ್ನೂ ಇಪ್ಪತ್ತರ ಆಸುಪಾಸಿನವರು, ಅವಳಿಗಾಗಿಯೇ ಬರೆದದ್ದು. ಎಲ್ವಿಸ್ ಅದನ್ನು ಎತ್ತಿಕೊಂಡದ್ದು ಲಾಸ್ ವೇಗಾಸ್‌ನಲ್ಲಿ ಫ್ರೆಡ್ಡಿ ಬೆಲ್ ಎಂಬವನ ತಂಡ ತಮಾಷೆಗೆ ಹಾಡುತ್ತಿದ್ದ ರೂಪದಿಂದ. ಇದನ್ನು ತಿಳಿದ ಮೇಲೂ ನಾನು ಚಿಕ್ಕ ಆವೃತ್ತಿಯನ್ನೇ ಹೇಳುತ್ತಾ ಬಂದೆ. ಉದ್ದದ ಕಥೆಯಲ್ಲೂ ಥಾರ್ನ್‌ಟನ್‌ಗೆ ಆದದ್ದು ಅನ್ಯಾಯವೇ. ಆದರೆ ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಕೇಳುವವರ ಮುಖದಲ್ಲಿ ಮೆಚ್ಚುಗೆ ಉಳಿದಿರುವುದಿಲ್ಲ.

ಬೆರ್ರಿಯ ಲೆಕ್ಕವನ್ನೂ ಬೇಕಾದಲ್ಲಿ ನಿಲ್ಲಿಸಿದ್ದೆ. ‘ಜಾನಿ ಬಿ ಗುಡ್’ನ ಶುರುವಿನ ಆ ಗಿಟಾರ್ ಸರಪಳಿ, ಲೂಯಿ ಜಾರ್ಡನ್ ತಂಡದ ಕಾರ್ಲ್ ಹೋಗನ್ 1946ರಲ್ಲೇ ನುಡಿಸಿದ್ದಕ್ಕೆ ತೀರ ಹತ್ತಿರ. ಬೆರ್ರಿ ಅದನ್ನು ಮುಚ್ಚಿಡಲೂ ಇಲ್ಲ. ಜಾನಿ ಜಾನ್ಸನ್ ಎಂಬ ಪಿಯಾನೋ ವಾದಕನಿದ್ದ. ಬೆರ್ರಿ ಸೇರಿಕೊಂಡದ್ದೇ ಅವನ ತಂಡವನ್ನು. ಬೆರ್ರಿಯ ಹಾಡುಗಳು ಇ-ಫ್ಲಾಟ್, ಬಿ-ಫ್ಲಾಟ್ ಶ್ರುತಿಗಳಲ್ಲಿ ಯಾಕಿವೆ, ಅವು ಗಿಟಾರಿನವರು ಇಷ್ಟಪಟ್ಟು ಹಿಡಿಯುವ ಶ್ರುತಿಗಳಲ್ಲ, ಪಿಯಾನೋದವರವು ಅಂತ ಬೆರಳು ತೋರಿಸಿದವನು ಕೀತ್ ರಿಚರ್ಡ್ಸ್. ಆ ಅರವತ್ತರ ಕಛೇರಿಯ ಕಾಲಕ್ಕೆ ಜಾನ್ಸನ್ ಸೇಂಟ್ ಲೂಯಿಸ್‌ನಲ್ಲಿ ವಯಸ್ಸಾದವರನ್ನು ಕರೆದೊಯ್ಯುವ ಬಸ್ಸು ಓಡಿಸುತ್ತಿದ್ದ. ಮುಂದೆ 2000ದಲ್ಲಿ ಹಾಡುಗಳಲ್ಲಿ ತನಗೂ ಪಾಲಿದೆ ಅಂತ ಬೆರ್ರಿಯ ಮೇಲೆ ದಾವೆ ಹೂಡಿದ. ತೀರ ತಡವಾಯಿತು ಅಂತ ನ್ಯಾಯಾಲಯ ತಳ್ಳಿಹಾಕಿತು. ನನ್ನ ಲೇಖನದಲ್ಲಿ ಜಾನ್ಸನ್ ಇರಲಿಲ್ಲ. ಅವನು ಬಂದಿದ್ದರೆ ‘ಎಲ್ಲದಕ್ಕೂ ಮೂಲ’ ಎಂಬ ನನ್ನ ಶೀರ್ಷಿಕೆ ನಿಲ್ಲುತ್ತಿರಲಿಲ್ಲ.

ಸಿಸ್ಟರ್ ರೊಸೆಟ್ಟಾ ಥಾರ್ಪ್ ಬಗ್ಗೆ ಹೆಚ್ಚು ಹೇಳಲು ನನಗೆ ಮುಖವಿಲ್ಲ. 1964ರಲ್ಲಿ ಮ್ಯಾಂಚೆಸ್ಟರಿನ ಪಾಳುಬಿದ್ದ ರೈಲ್ವೆ ಸ್ಟೇಷನ್ನೊಂದರಲ್ಲಿ, ಎದುರಿನ ಪ್ಲಾಟ್‌ಫಾರ್ಮಿನ ಮೇಲೆ ಕೇಳುಗರು ಕೂತಿರಲು, ಮಳೆಯಲ್ಲಿ ಆಕೆ ಕೋಟು ತೊಟ್ಟು ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಾ ಮಳೆಯದೇ ಹಾಡು ಹಾಡುವ ದೃಶ್ಯ ವಾಟ್ಸ್‌ಆ್ಯಪ್‌ನಲ್ಲಿ ಬಂತು. ‘ರಾಕ್ ಅಂಡ್ ರೋಲಿನ ನಿಜವಾದ ತಾಯಿ’ ಅಂತ ಬರೆದು ಮುಂದೆ ಕಳಿಸಿದೆ. ಪೂರ್ತಿ ನೋಡಿದ್ದು ಎಷ್ಟೋ ದಿನದ ಮೇಲೆ. ತಾಯಿ ಅಂದುಬಿಟ್ಟರೆ ಕೇಳುವ ಅಗತ್ಯವೇ ಇರುವುದಿಲ್ಲ.

ಈಗ ಬರೆಯಲು ಹಿಂಜರಿಯುತ್ತಿದ್ದುದಕ್ಕೆ ಬರುತ್ತೇನೆ. ಸ್ಟೋನ್ಸ್ 1963ರಲ್ಲಿ ಬೆರ್ರಿಯ ಹಾಡಿನಿಂದ ಶುರುಮಾಡಿದರು ಅಂದೆನಲ್ಲ, ಆಗ ಬೆರ್ರಿ ಜೈಲಿನಲ್ಲಿದ್ದ. ಹದಿನಾಲ್ಕು ವರ್ಷದ ಹುಡುಗಿಯೊಬ್ಬಳನ್ನು ಅನೈತಿಕ ಉದ್ದೇಶಕ್ಕೆ ರಾಜ್ಯದ ಗಡಿ ದಾಟಿಸಿದ ಆರೋಪ. ಮೊದಲ ವಿಚಾರಣೆಯ ನ್ಯಾಯಾಧೀಶ ಬೆರ್ರಿಯ ಬಣ್ಣ ಹಿಡಿದು ಆಡಿದ ಮಾತುಗಳಿಂದಾಗಿ ಆ ತೀರ್ಪು ರದ್ದಾಯಿತು. ಎರಡನೆಯ ವಿಚಾರಣೆಯಲ್ಲೂ ಅಪರಾಧಿ ಅಂತಲೇ ಆಯಿತು. ಸುಮಾರು ಒಂದೂವರೆ ವರ್ಷ ಒಳಗಿದ್ದ. ನನ್ನ ಶ್ರದ್ಧಾಂಜಲಿಯಲ್ಲಿ ಇದು ಬಂದಿದೆ. ಹೇಗೆ ಬಂದಿದೆ ಅಂದರೆ, ಜನಾಂಗದ್ವೇಷಿ ನ್ಯಾಯಾಧೀಶನ ಬಗ್ಗೆ ಎರಡು ಬಿಸಿ ವಾಕ್ಯಗಳಿವೆ, ಹುಡುಗಿಯ ವಯಸ್ಸು ಇಲ್ಲ. ಬರೆಯುವಾಗ ಆ ಅಂಕಿ ನನ್ನ ಮುಂದಿತ್ತು. ಬಿಟ್ಟದ್ದು ಮರೆತಲ್ಲ. ನ್ಯಾಯಾಧೀಶನ ಮಾತೂ ನಿಜ, ಹುಡುಗಿಯ ವಯಸ್ಸೂ ನಿಜ. ಒಂದನ್ನು ಎತ್ತಿ ಇನ್ನೊಂದರ ಮೇಲೆ ಹೊದಿಸಿದೆ. ಬೆರ್ರಿಯನ್ನು ಕಾಪಾಡಲು ಹಾಗೆ ಮಾಡಿದೆ ಅಂತ ಹೇಳಿಕೊಳ್ಳಬಹುದು. ನಾನು ಕಾಪಾಡಿದ್ದು ನನ್ನ ಲೇಖನವನ್ನು. ಅನ್ಯಾಯಕ್ಕೊಳಗಾದವನು ಅನ್ಯಾಯ ಮಾಡಿದವನೂ ಆಗಿಬಿಟ್ಟರೆ ಶ್ರದ್ಧಾಂಜಲಿಯ ಲಯ ತಪ್ಪುತ್ತದೆ.

ಮೆಂಫಿಸ್ ಹಾಡಿನ ಮರೀಯನ್ನು ಕಂಡು ಕಣ್ಣು ತೇವವಾದ ರಾತ್ರಿ ಈ ಇನ್ನೊಬ್ಬ ಹುಡುಗಿ ನೆನಪಾಗಲಿಲ್ಲ ಎಂಬುದನ್ನೂ ಇಲ್ಲಿ ಸೇರಿಸಬೇಕು. ನೆನಪಾದದ್ದು ಮಾರನೆಯ ದಿನ, ಆಗ ಹಾಡು ಸ್ವಲ್ಪ ಕೆಟ್ಟಿತು. ಕೆಡಬೇಕೇ ಬೇಡವೇ, ನನಗೆ ತೀರ್ಮಾನಕ್ಕೆ ಬರಲಾಗಿಲ್ಲ. ಇಂದಿಗೂ ಅದನ್ನು ಕೇಳುತ್ತೇನೆ, ಕೇಳುವಾಗ ಒಂದು ಕಣ್ಣು ಮುಚ್ಚಿಕೊಂಡಿರುತ್ತೇನೆ.

2022ರ ಅಕ್ಟೋಬರಿನಲ್ಲಿ ಬೆರ್ರಿ ಪೀಳಿಗೆಯ ಇನ್ನೊಬ್ಬ ಗಾಯಕ ಜೆರ್ರಿ ಲೀ ಲೂಯಿಸ್ ತೀರಿಕೊಂಡ. ಪತ್ರಿಕೆಯಿಂದ ಫೋನು. ‘ಸರ್, ಹಿಂದಿನ ಹಾಗೇ ಒಂದು ಬರೆದುಕೊಡಿ, ಸಂಜೆಯೊಳಗೆ.’ ಮೇಲೆ ಹೇಳಿದ್ದೆಲ್ಲ ನನಗೆ ಅಷ್ಟರಲ್ಲಿ ಗೊತ್ತಿತ್ತು, ತಲೆಯಲ್ಲಿ ಹತ್ತು ಸಲ ಉರುಳಾಡಿತ್ತು. ಆಗೋದಿಲ್ಲ ಅನ್ನಬಹುದಿತ್ತು, ಎರಡು ದಿನ ಕೊಡಿ ಅಂತಲಾದರೂ ಕೇಳಬಹುದಿತ್ತು. ಆಗಲಿ ಅಂದೆ. ಹದಿಮೂರು ವರ್ಷದ ಸಂಬಂಧಿಯನ್ನು ಅವನು ಮದುವೆಯಾದದ್ದನ್ನೂ 1958ರ ಇಂಗ್ಲೆಂಡ್ ಪ್ರವಾಸ ಅದರಿಂದಲೇ ಮುರಿದುಬಿದ್ದದ್ದನ್ನೂ ಈ ಸಲ ಬಿಡಲಿಲ್ಲ, ಒಂದು ಪ್ಯಾರಾ ಪೂರ್ತಿ ಕೊಟ್ಟೆ, ಕೊಟ್ಟದ್ದಕ್ಕೆ ಒಳಗೊಳಗೇ ಬೀಗಿದೆ. ಅವನ ಒಂದು ಹಾಡನ್ನೂ ಹಾಕಿ ಕೇಳಲಿಲ್ಲ, ಹೊತ್ತಿರಲಿಲ್ಲ. ಇವನಿಲ್ಲದಿದ್ದರೆ ಎಲ್ಟನ್ ಜಾನ್ ಇಲ್ಲ ಎಂಬ ವಾಕ್ಯ ತಾನಾಗಿ ಬಂತು, ಬಿಟ್ಟೆ. ಅಚ್ಚಾದ ದಿನ ಹಿರಿಯರೊಬ್ಬರು ಫೋನ್ ಮಾಡಿ ಬಹಳ ಚೆನ್ನಾಗಿದೆ ಅಂದರು. ‘ಅವರನ್ನೆಲ್ಲ ಎಷ್ಟು ಕೇಳಿದ್ದೀರಿ ನೀವು!’ ಅಂದರು. ನಾನು ಅಲ್ಲ ಅನ್ನಲಿಲ್ಲ. ಆ ಮಾತಿನಿಂದ ಇಡೀ ದಿನ ಖುಷಿಯಾಗಿಯೇ ಇದ್ದೆ.